ಕಲದಾರದ ನೀಲಿಗೆ ಎಷ್ಟು ಕೊಡಬೇಕು?

ಉದಗೀರ, ನಿಲಂಗಾ, ಜಳಕೋಟದ ಹಳೆಯ ಮನೆಗಳ ಟ್ರಂಕುಗಳಲ್ಲಿ ಎರಡು ಜಾತಿಯ ಬೆಳ್ಳಿ ರೂಪಾಯಿ ಸಿಗುತ್ತವೆ. ಚಾರ್‌ಮಿನಾರ್ ಇದ್ದದ್ದು ನಿಜಾಮರ ಹಾಲಿ ಸಿಕ್ಕಾ. ರಾಜ-ರಾಣಿಯರ ಮುಖವಿದ್ದದ್ದು ಇಂಗ್ರೇಜಿ ಕಲದಾರ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಹಾಲಿ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ 81.8. 1939ರವರೆಗಿನ ಕಲದಾರ 11.66 ಗ್ರಾಂ, ಬೆಳ್ಳಿ ಶೇ 91.7. ಅಂದರೆ ಅಪ್ಪಟ ಬೆಳ್ಳಿ ಒಂದರಲ್ಲಿ ಸುಮಾರು 9.15 ಗ್ರಾಂ, ಇನ್ನೊಂದರಲ್ಲಿ 10.69. ಆರು ಕಲದಾರಕ್ಕೆ ಏಳು ಹಾಲಿ ಎಂಬ ಹಳೆಯ ಲೆಕ್ಕ ಈ ತೂಕಕ್ಕೆ ಸರಿಯಾಗಿ ಕೂಡುತ್ತದೆ.

ಈಗ ಮಾರಾಟಗಾರರು ತೂಕದ ಮೇಲೆ ಬಣ್ಣವನ್ನೂ ಮಾರುತ್ತಿದ್ದಾರೆ. ಮಾಸಿದ ಕಲದಾರಕ್ಕೆ ಬೆಳ್ಳಿಯ ದರದ ಆಸುಪಾಸು ಕೇಳುವವರೇ, ಅದರ ಮೇಲೆ ನೀಲಿ, ನೇರಳೆ, ಹೊಂಬಣ್ಣ ಕಂಡರೆ ‘ಟೋನಿಂಗ್’ ಎಂದು ಹಲವು ಪಟ್ಟು ಹೇಳುತ್ತಾರೆ.

ಬಣ್ಣ ಸುಳ್ಳೇನಲ್ಲ. ಗಾಳಿಯಲ್ಲಿ, ಹಳೆಯ ಕಾಗದದಲ್ಲಿ, ರಬ್ಬರ್ ಬ್ಯಾಂಡಿನಲ್ಲಿ ಇರುವ ಗಂಧಕ ಬೆಳ್ಳಿಯನ್ನು ಹಿಡಿದು ತೆಳ್ಳನೆಯ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಬೆಳಕು ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ: ಮೊದಲು ತಿಳಿ ಹಳದಿ, ಆಮೇಲೆ ಕೆಂಪು-ನೇರಳೆ, ಆಮೇಲೆ ನೀಲಿ, ಕೊನೆಗೆ ಕಪ್ಪು. ಅಮೆರಿಕದ ಖಜಾನೆಯಲ್ಲಿ ಕ್ಯಾನ್ವಾಸ್ ಚೀಲದೊಳಗೆ ದಶಕಗಟ್ಟಲೆ ಬಿದ್ದಿದ್ದ ಮೋರ್ಗನ್ ಡಾಲರುಗಳು ಹೀಗೆಯೇ ಕಾಮನಬಿಲ್ಲಾದವು. ಆದರೆ ಅವು ಯಾರ ಕೈಯೂ ಮುಟ್ಟದ ಹೊಸ ನಾಣ್ಯಗಳು. ನಮ್ಮ ಕಡೆಯ ಕಲದಾರ ಸಂತೆ ಸುತ್ತಿ, ಸರದಲ್ಲಿ ಪೋಣಿಸಿಕೊಂಡು ಬಂದದ್ದು. ಟಂಕಸಾಲೆಯ ಹೊಳಪು ಅಳಿದ ಮೈಮೇಲೆ ಅಂಥ ಬಣ್ಣ ಮಿನುಗುವುದು ಅಪರೂಪ.

ಒಮ್ಮೆ ಸರಾಫ ಅಂಗಡಿಯೊಂದರಲ್ಲಿ ಈ ಅಂಕಣಕಾರನ ಮುಂದೆ 1907ರ ಎಡ್ವರ್ಡ್ ಕಲದಾರ ಬಂತು. ಬರಿತಲೆಯ ದೊರೆ, ಕಿವಿ, ಗಡ್ಡ ಸವೆದು ಹೋಗಿವೆ, ಮೈತುಂಬ ನೀಲಿ. “ನೂರು ವರ್ಷದ ಬಣ್ಣ ಐತ್ರಿ ಸರ್, ಹಚ್ಚಿದ್ದಲ್ಲ” ಎಂದರು ಅಂಗಡಿಯವರು. ಬಾಗಿಲ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಅಂಚಿನ ಮೇಲ್ಗಡೆ ಅರದಿಂದ ಉಜ್ಜಿದ ಗುರುತು ಕಂಡಿತು. ಸರಕ್ಕೆಂದು ಬೆಸೆದಿದ್ದ ಕೊಂಡಿಯನ್ನು ಕಿತ್ತ ಜಾಗ ಅದು. ನೀಲಿ ಅಲ್ಲಿಯೂ ಎಳ್ಳಷ್ಟೂ ಬದಲಾಗದೆ ಹರಿದಿತ್ತು. ಬಣ್ಣ ಬಂದದ್ದು ಕೊಂಡಿ ಕಿತ್ತ ಮೇಲೆ ಎಂದಾಯಿತು. ಅಷ್ಟರಿಂದಲೇ ಕೈವಾಡ ಎನ್ನಲಾಗದು, ಉಜ್ಜಿದ ನಾಣ್ಯವೂ ಕಾಲಾಂತರದಲ್ಲಿ ತಾನೇ ಬಣ್ಣ ಏರುತ್ತದೆ. ಆದರೆ ಆ ನೀಲಿಗೂ ಅದು ಮುಗಿದಲ್ಲಿ ಕಾಣುವ ಬಿಳಿಗೂ ನಡುವೆ ಹಳದಿಯೂ ಇಲ್ಲ, ನೇರಳೆಯೂ ಇಲ್ಲ. ಅಕ್ಷರಗಳ ಸಂದಿಗೂ ಬಯಲಿಗೂ ಒಂದೇ ಛಾಯೆ. ನಿಧಾನವಾಗಿ ಬಂದ ಬಣ್ಣ ಮೆಟ್ಟಿಲು ಹಾರುವುದಿಲ್ಲ. ಅಂಕಣಕಾರ ಬೆಳ್ಳಿಯ ದರ ಹೇಳಿದ, ಅವರು ಒಪ್ಪಲಿಲ್ಲ, ವ್ಯವಹಾರ ಅಲ್ಲಿಗೆ ಮುಗಿಯಿತು.

ಅಸಿಟೋನ್‌ನಲ್ಲಿ ಅದ್ದಿ ನೋಡುವ ಉಪಾಯವೊಂದಿದೆ. ಬಣ್ಣದ ಲೇಪ, ವಾರ್ನಿಶ್ ಇದ್ದರೆ ಕರಗಿ ಹೋಗುತ್ತದೆ. ಗಂಧಕದ ಪೊರೆ ಜಗ್ಗುವುದಿಲ್ಲ. ಆದರೆ ಗಂಧಕದ ಹೊಗೆ ಕೊಟ್ಟು ಮಾಡಿದ ಪೊರೆಯೂ ಜಗ್ಗುವುದಿಲ್ಲ, ಹಾಗಾಗಿ ಇದು ಅರ್ಧ ಪರೀಕ್ಷೆ. ವಿದೇಶದ ಪಿಸಿಜಿಎಸ್, ಎನ್‌ಜಿಸಿಯಂಥ ನಾಣ್ಯದ ದರ್ಜೆ ನಿಗದಿಮಾಡುವ ಸಂಸ್ಥೆಗಳೂ ಬಣ್ಣ ಅನುಮಾನಾಸ್ಪದವಾದರೆ ದರ್ಜೆ ಅಂಕ ಕೊಡಲು ಹಿಂದೆಗೆಯುತ್ತವೆ.

ಈ ಭಾಗದ ಮನೆಗಳಲ್ಲಿ ಇನ್ನೊಂದು ತೊಡಕು ದೀಪಾವಳಿಯದು. ಲಕ್ಷ್ಮೀಪೂಜೆಗೆ ಮುಂಚೆ ಹುಣಸೆಹಣ್ಣು, ಬೂದಿ ಹಾಕಿ ರೂಪಾಯಿಗಳನ್ನು ಫಳಫಳ ತಿಕ್ಕುವುದು ವಾಡಿಕೆ. ಪ್ರತಿ ಸಲವೂ ಕೂದಲೆಳೆಯಂಥ ಗೀರು ಉಳಿಯುತ್ತದೆ. ಹಾಗೆ ತೊಳೆಸಿಕೊಂಡ ಹಾಲಿ ಸಿಕ್ಕಾ ಬೂದುಬಣ್ಣದ್ದಾಗಿ, ಚಾರ್‌ಮಿನಾರಿನ ಬಾಗಿಲಲ್ಲಿರುವ ನಿಜಾಮ ಉಸ್ಮಾನರ ‘ಐನ್’ ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು ಕುಳಿತಿದ್ದರೆ ಅನುಮಾನ ಪಡಬೇಕಿಲ್ಲ. ತೂಕದ ಬೆಲೆಗೆ ಅದು ಒಳ್ಳೆಯ ಖರೀದಿ.

1939ರ ಕಲದಾರದ ಕಥೆ ಬೇರೆ. ಉಳಿದಿರುವುದೇ ಕಡಿಮೆ, ನಕಲಿ ಹೆಚ್ಚು. ಅದರ ಮೇಲೆ ಎಂಥ ಬಣ್ಣವಿದ್ದರೂ ಈ ಅಂಕಣಕಾರ ಮೊದಲು ತಕ್ಕಡಿ ಕೇಳುತ್ತಾನೆ. ಹೊಸದರಂತೆ ಕಾಣುವ ನಾಣ್ಯ 11.66 ಗ್ರಾಂ ತೂಗದಿದ್ದರೆ ಭೂತಗನ್ನಡಿ ಜೇಬಿನಿಂದ ಹೊರಗೇ ಬರುವುದಿಲ್ಲ.