ಮೌಲ್ಮೇನಿನ ಮುತ್ತಜ್ಜನನ್ನು ಹುಡುಕುವುದು ಹೇಗೆ?

ವೋಚರ್ ಇಲ್ಲದೆ ಲೆಕ್ಕದ ಪುಸ್ತಕದಲ್ಲಿ ಏನನ್ನೂ ಬರೆಯಬಾರದೆಂದು ನಾವು ಕಾಮರ್ಸ್ ವಿದ್ಯಾರ್ಥಿಗಳು ಕಲಿಯುತ್ತೇವೆ. ಮನೆತನದ ಇತಿಹಾಸಕ್ಕೂ ಇದು ಅನ್ವಯಿಸುತ್ತದೆ. "ಪರದಾದಾ ರಂಗೂನಿನಲ್ಲಿ ಅಂಗಡಿ ಇಟ್ಟಿದ್ದರು" ಎನ್ನುವ ಮಾತು ಕೆಲವು ಮನೆಗಳಲ್ಲಿದೆ. ಅದನ್ನು ಪರೀಕ್ಷಿಸಲು ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ: ಕೇಳಿದ್ದು, ಕಾಗದದಲ್ಲಿ ಕಂಡದ್ದು. ಎರಡನ್ನೂ ಬೆರೆಸಬೇಡಿ.

ಊರು: ಹಿರಿಯರು ಬರ್ಮಾದ ಯಾವ ಊರನ್ನಾದರೂ ರಂಗೂನ್ ಎಂದೇ ಹೇಳಿರಬಹುದು. ಪತ್ರದ ಮೇಲಿನ ಅಂಚೆ ಮುದ್ರೆ ನೋಡಿ. ಅಲ್ಲಿ ಮೌಲ್ಮೇನ್ ಎಂದಿದ್ದರೆ, ಅದು ಸಾಲ್ವೀನ್ ನದಿಯ ಬಂದರು ಪಟ್ಟಣ. 1826ರ ಯಾಂಡಬೊ ಒಪ್ಪಂದದ ನಂತರ ಬ್ರಿಟಿಷರ ಕೈಸೇರಿದ ಪ್ರದೇಶದಲ್ಲಿ ಬೆಳೆದು, ತೇಗದ ವ್ಯಾಪಾರಕ್ಕೆ ಹೆಸರಾಯಿತು. ಇಂದಿನ ನಕಾಶೆಯಲ್ಲಿ ಅದರ ಹೆಸರು ಮಾವ್ಲಮ್ಯೈನ್.

ಕಾಲ: ಹಳೆಯ ಉರ್ದು ಪತ್ರಗಳಲ್ಲಿ ಹಿಜರಿ ವರ್ಷ ಇರಬಹುದು. ಹಿಜರಿ 1345 ಶುರುವಾದದ್ದು 1926ರ ಜುಲೈಯಲ್ಲಿ. ಅದರ ಅರ್ಧದಷ್ಟು ಭಾಗ 1927ಕ್ಕೆ ಸೇರುತ್ತದೆ. ಆದ್ದರಿಂದ ತಿಂಗಳನ್ನೂ ಬರೆದುಕೊಳ್ಳಿ.

ಹೆಸರು: ಬರ್ಮಾದ ಅನೇಕ ಮುಸ್ಲಿಮರಿಗೆ ಎರಡು ಹೆಸರು, ಒಂದು ಮುಸ್ಲಿಂ ಹೆಸರು, ಇನ್ನೊಂದು ಬರ್ಮೀ ಹೆಸರು. ಮೊದಲಲ್ಲಿ ಬರುವ ಊ, ಕೋ, ಡಾ, ಮಾ ಎಂಬವು ಗೌರವಸೂಚಕಗಳು. ಅವನ್ನು ಮನೆತನದ ಹೆಸರೆಂದು ತಿಳಿಯಬಾರದು.

ದಾಖಲೆ: 1937ರ ಏಪ್ರಿಲ್ 1ರಂದು ಬೇರೆಯಾಗುವವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಪ್ರಾಂತ್ಯವಾಗಿತ್ತು. ಹಾಗಾಗಿ ಅಲ್ಲಿನ ಸರ್ಕಾರಿ ಕಾಗದಗಳನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಹುಡುಕಬೇಕು. ದೆಹಲಿಯ ಪತ್ರಾಗಾರದ "ಅಭಿಲೇಖ ಪಟಲ್" ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಒಂದೇ ಹೆಸರನ್ನು ನಾಲ್ಕೈದು ಸ್ಪೆಲಿಂಗಿನಲ್ಲಿ ಹಾಕಿ ನೋಡಿ. ಹೆಸರು ಸಿಕ್ಕಿದರೆ ಸಾಲದು. ತಂದೆಯ ಹೆಸರು, ಕಸುಬು, ಬೀದಿ ಇವುಗಳಲ್ಲಿ ಒಂದಾದರೂ ಹೊಂದಬೇಕು.

ಇಷ್ಟಾದರೂ "ಕಂಡದ್ದು" ಕಾಲಂ ಖಾಲಿ ಉಳಿಯಬಹುದು. 1942ರ ಜನವರಿ 31ರಂದು ಮೌಲ್ಮೇನ್ ಜಪಾನೀಯರ ವಶವಾಯಿತು. ಆ ವರ್ಷ ಲಕ್ಷಾಂತರ ಭಾರತೀಯರು ಬರ್ಮಾ ಬಿಟ್ಟರು. ಅನೇಕರು ಬೆಟ್ಟ ಕಾಡು ದಾಟಿ ನಡೆದೇ ಬಂದರು. ದಾರಿಯಲ್ಲೇ ತೀರಿಕೊಂಡವರೂ ಬಹಳ. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಅಂಗಡಿ ಲೆಕ್ಕ, ಮನೆಪತ್ರ ಯಾರು ಹೊತ್ತು ತರುತ್ತಾರೆ? ಅಂಥ ಮನೆಗಳಿಗೆ "ಕೇಳಿದ್ದು" ಕಾಲಂ ಒಂದೇ ಆಸ್ತಿ.

ಪತ್ರಾಗಾರದ ಕಡತ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ನಮ್ಮ ದಾದಿ, ನಾನಿಯರ ನೆನಪಿಗೆ ಆ ಭರವಸೆ ಇಲ್ಲ. ಈ ರಜೆಯಲ್ಲಿ ಮೊದಲು ಅವರ ಹತ್ತಿರ ಕುಳಿತುಕೊಳ್ಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ತಾರೀಕು ಹಾಕಿ ಬರೆದಿಡಿ.