ಸಿಡಿ ಹಾಳಾದರೆ ಕಂಪ್ಯೂಟರ್ ಹಾಳಾಯಿತೇ?



ಕಂಪ್ಯೂಟರ್ ಚಾಲೂ ಮಾಡುವುದು, ಬಂದ್ ಮಾಡುವುದು ನಿಮಗೆ ಈಗ ಗೊತ್ತು. ಆದರೆ ಒಂದು ದಿನ ಅದು ಚಾಲೂ ಆಗದಿದ್ದರೆ? ಅದರ ಸಂಗಡ ಬಂದ ಸಿಡಿಯೂ ಹಾಳಾಗಿದ್ದರೆ? ಗಾಬರಿಯಾಗಬೇಡಿ. ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಪಾಠದಲ್ಲಿ ಓದೋಣ. ರಿಪೇರಿಯ ಕೆಲಸ ನೀವೇ ಮಾಡಬೇಕು ಅಂತಿಲ್ಲ. ಮಾಡುವವರ ಪಕ್ಕದಲ್ಲಿ ಕೂತು ಸರಿಯಾದ ಪ್ರಶ್ನೆ ಕೇಳಿದರೆ ಸಾಕು.

ಒಂದು ಘಟನೆ

ಇದು 2012ರ ಮಾತು. ನಾನು ಆಗ ಈ ಕೆಲಸಕ್ಕೆ ಹೊಸಬ. ಅಕ್ಕಲಕೋಟ ಕಡೆಯ ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಕಲಿಯುವವರ ಹಾಜರಿ, ಹೆಣ್ಣುಮಕ್ಕಳ ಬಚತ ಗಟದ ಲೆಕ್ಕ, ಎರಡೂ ಅದರೊಳಗೇ.

ಒಂದು ದಿನ ಬೆಳಿಗ್ಗೆ ಬಟನ್ ಒತ್ತಿದೆವು. ಪರದೆ ಕಪ್ಪಗೇ ಉಳಿಯಿತು. ಇಂಗ್ಲಿಷಿನಲ್ಲಿ ಎರಡು ಸಾಲು ಬಂದವು, ಅಷ್ಟೇ. ಸಿಡಿ ಹುಡುಕಿದೆವು. ಅದು ಕವರ್ ಇಲ್ಲದೆ ಮೇಜಿನ ಖಾನೆಯಲ್ಲಿ, ಕೀಲಿಕೈಗಳ ಜೊತೆ ಬಿದ್ದಿತ್ತು. ಅದರ ಮೇಲೆ ಯಾರೋ ಬಾಲ್ ಪೆನ್ನಿನಿಂದ ಒತ್ತಿ ಹೆಸರು ಬರೆದಿದ್ದರು. ಹಾಕಿ ನೋಡಿದರೆ ಓದಲಿಲ್ಲ.

ಪೇಟೆಯಿಂದ ರಿಪೇರಿ ಮಾಡುವ ಹುಡುಗ ಬಂದ.

“ಅಕ್ಕಾರ, ಸಿಡಿ ಹೋಗೇತಿ. ಚಿಂತಿ ಮಾಡಬ್ಯಾಡ್ರಿ. ನನ್ನ ಕಡೆ ಬ್ಯಾರೆ ಐತಿ. ಫಾರ್ಮ್ಯಾಟ್ ಹೊಡದು ಹಾಕಿಕೊಡ್ತೀನಿ. ಒಂದ್ ತಾಸಿನ ಕೆಲಸ,” ಅಂದ.

ಗಟದ ಲೆಕ್ಕ ಬರೆಯುವ ಅಕ್ಕ ಅಲ್ಲೇ ನಿಂತಿದ್ದರು. ಅವರು ನಮ್ಮ ಕೇಂದ್ರದಲ್ಲೇ ಅಕ್ಷರ ಕಲಿತವರು.

“ತಮ್ಮಾ, ಸ್ವಲ್ಪ ತಡಿ. ಒಳಗಿನ ನಮ್ಮ ಲೆಕ್ಕಾ ಏನ್ ಆಗ್ತೈತಿ?” ಎಂದು ಕೇಳಿದರು.

“ಅದು ಹೋಗ್ತೈತ್ರಿ. ಎಲ್ಲಾ ಅಳಿಸಿ ಹೊಸಾದು ಹಾಕೋದು.”

“ಹಂಗಾರ ಕೈ ಹಚ್ಚಬ್ಯಾಡ!”

ಅವರು ಹಾಗೆ ಅಂದದ್ದು ಒಳ್ಳೆಯದಾಯಿತು. ಒಬ್ಬ ತಾಯಿ ತಮ್ಮ ಸಾಲದ 11 ಕಂತು ಕಟ್ಟಿ ಮುಗಿಸಿದ್ದರು. ಕಾಗದದ ವಹಿಯಲ್ಲಿ 8 ಕಂತು ಮಾತ್ರ ಬರೆದಿತ್ತು. ಉಳಿದ 3 ಕಂತಿನ ಲೆಕ್ಕ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಅದು ಅಳಿಸಿ ಹೋಗಿದ್ದರೆ ಆ ತಾಯಿ ಕಟ್ಟಿದ ಹಣಕ್ಕೆ ಸಾಕ್ಷಿ ಯಾವುದು?

ಸಿಡಿ ಬೇರೆ, ಹಕ್ಕು ಬೇರೆ

ಕಂಪ್ಯೂಟರ್ ಒಂದು ಯಂತ್ರ. ಅದಕ್ಕೆ ಕೆಲಸ ಹೇಳಿ ನಡೆಸುವ ಮೂಲ ಪ್ರೋಗ್ರಾಂ ಒಂದಿರುತ್ತದೆ. ಅದನ್ನು ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆ. ವಿಂಡೋಸ್ ಅಂಥದ್ದು, ಲಿನಕ್ಸ್ ಅಂಥದ್ದು. ಅದು ಕೆಟ್ಟರೆ ಯಂತ್ರ ಚೆನ್ನಾಗಿದ್ದರೂ ಕೆಲಸ ನಡೆಯುವುದಿಲ್ಲ. ಆಗ ಅದನ್ನು ಮತ್ತೆ ಹಾಕಬೇಕು.

ಸಿಡಿ ಅದನ್ನು ತರುವ ಚೀಲ ಇದ್ದಂತೆ. ರೇಷನ್ ಅಂಗಡಿಗೆ ಹೋಗುವಾಗ ಚೀಲ ಹರಿದರೆ ಏನು ಮಾಡುತ್ತೀರಿ? ನೆರೆಮನೆಯ ಚೀಲ ಒಯ್ಯುತ್ತೀರಿ. ಕಾರ್ಡು ನಿಮ್ಮದೇ ಇದ್ದರೆ ಧಾನ್ಯ ಸಿಗುತ್ತದೆ. ಇಲ್ಲಿಯೂ ಹಾಗೇ. ವಿಂಡೋಸಿಗೆ ಒಂದು ಕೀ ಇರುತ್ತದೆ. ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸೇರಿ 25. ಐದೈದರಂತೆ ಐದು ಗುಂಪು. ಅದೇ ನಿಮ್ಮ ಕಾರ್ಡು.

ಹಳೆ ಕಂಪ್ಯೂಟರಿನಲ್ಲಿ ಈ ಕೀಯ ಚೀಟಿಯನ್ನು ಹೆಚ್ಚಾಗಿ ಡಬ್ಬಿಯ ಮೈಮೇಲೆ ಅಂಟಿಸಿರುತ್ತಾರೆ. ಲ್ಯಾಪ್‌ಟಾಪ್ ಆದರೆ ತಳದಲ್ಲಿ ನೋಡಿ. ಉಜ್ಜಿ ಮಾಸುವ ಮೊದಲೇ ವಹಿಯಲ್ಲಿ ಬರೆದಿಡಿ. ವಿಂಡೋಸ್ 8 ಬಂದದ್ದು 2012ರಲ್ಲಿ. ಅಲ್ಲಿಂದ ಈಚೆಗೆ ವಿಂಡೋಸ್ ಸಮೇತ ಬಂದ ಕಂಪನಿ ಕಂಪ್ಯೂಟರುಗಳಲ್ಲಿ ಕೀ ಯಂತ್ರದ ಒಳಗೇ ಅಡಗಿರುತ್ತದೆ. ಅದೇ ತರಹದ ವಿಂಡೋಸ್ ಹಾಕಿದರೆ ಅದು ತಾನೇ ಗುರುತು ಹಿಡಿಯುತ್ತದೆ.

ಸಿಡಿಯ ಯಾವ ಬದಿ ನಾಜೂಕು?

ಹೊಳೆಯುವ ಬದಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸಿಡಿಯ ದಪ್ಪ 1.2 ಮಿಲಿಮೀಟರ್. ಮಾಹಿತಿ ಇರುವ ಪದರು ಹೆಸರು ಅಚ್ಚು ಹಾಕಿದ ಬದಿಯ ಕೆಳಗೇ ಇರುತ್ತದೆ. ಆ ಬದಿ ಆಳವಾಗಿ ಗೀರಿದರೆ ಸಿಡಿ ಮುಗಿಯಿತು. ನಮ್ಮ ಸಿಡಿಗೆ ಆದದ್ದು ಅದೇ. ಹೊಳೆಯುವ ಬದಿಯಲ್ಲಿ ಧೂಳು, ಬೆರಳಿನ ಗುರುತು ಇದ್ದರೆ ಮೆತ್ತನೆಯ ಬಟ್ಟೆಯಿಂದ ಒರೆಸಿ. ನಡುವಿನಿಂದ ಅಂಚಿನ ಕಡೆ ನೇರವಾಗಿ ಒರೆಸಬೇಕು. ದುಂಡಗೆ ಉಜ್ಜಬಾರದು. ಕೆಲವು ಸಲ ಅಷ್ಟಕ್ಕೇ ಸಿಡಿ ಮತ್ತೆ ಓದುತ್ತದೆ.

ಮೊದಲು ಸಾಮಾನು ಹೊರಗೆ

ಮನೆಗೆ ಸುಣ್ಣ ಹಚ್ಚುವ ಮೊದಲು ಏನು ಮಾಡುತ್ತೇವೆ? ಪಾತ್ರೆ, ಹಾಸಿಗೆ, ಕಾಗದಪತ್ರ ಎಲ್ಲ ಹೊರಗೆ ಇಡುತ್ತೇವೆ. ಇಲ್ಲಿಯೂ ಅದೇ ನಿಯಮ. ಫಾರ್ಮ್ಯಾಟ್ ಅಂದರೆ ಅಳಿಸಿ ಸ್ವಚ್ಛ ಮಾಡುವುದು. ಅದಕ್ಕೆ ಮೊದಲು ನಿಮ್ಮ ಲೆಕ್ಕ, ಫೋಟೋ, ಅರ್ಜಿ ಎಲ್ಲ ಹೊರಗೆ ತೆಗೆಸಿ.

ಡೆಸ್ಕ್‌ಟಾಪಿನ ಮೇಲೆ ಕಾಣುವುದು, ಡಾಕ್ಯುಮೆಂಟ್ಸ್‌ನಲ್ಲಿ ಇರುವುದು, ಎರಡೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ. ವಿಂಡೋಸ್ ಇರುವುದೂ ಅಲ್ಲೇ. ಫಾರ್ಮ್ಯಾಟ್ ಆಗುವುದೂ ಅದೇ.

ಕಂಪ್ಯೂಟರ್ ಚಾಲೂನೇ ಆಗದಿದ್ದರೆ ತೆಗೆಯುವುದು ಹೇಗೆ? ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಇಲ್ಲವೇ ಪೆನ್ ಡ್ರೈವಿನಿಂದಲೇ ಲಿನಕ್ಸ್ ನಡೆಸಿ ಒಳಗಿನ ಫೈಲು ನೋಡಬಹುದು. ನಮ್ಮ ಹುಡುಗ ಮೊದಲಿನ ದಾರಿ ಹಿಡಿದ. ಎಲ್ಲ ಲೆಕ್ಕ ಸಿಕ್ಕಿತು. ಆದರೆ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಯಂತ್ರವೇ ಕೆಟ್ಟಿರಬಹುದು. ಆಗ ಮೇಲಿಂದ ಮೇಲೆ ಚಾಲೂ ಮಾಡಬೇಡಿ. ತಿಳಿದವರಿಗೆ ತೋರಿಸಿ.

ಆಮೇಲೆ ಹೊಸದು

ಲೆಕ್ಕ ತೆಗೆದ ಮೇಲೆ ಹುಡುಗ ಅದೇ ತರಹದ ಎಕ್ಸ್‌ಪಿ ಸಿಡಿ ತಂದ. ಡಬ್ಬಿಯ ಮೇಲಿನ ನಮ್ಮದೇ ಕೀ ಹಾಕಿದ. ಕಂಪ್ಯೂಟರ್ ಎದ್ದಿತು. ಲೆಕ್ಕ ತೆರೆದೆವು. ಅಯ್ಯೋ! ಕನ್ನಡ ಅಕ್ಷರದ ಬದಲು ಏನೇನೋ ಚಿಹ್ನೆ. ಅಕ್ಕ ತಲೆ ಮೇಲೆ ಕೈ ಇಟ್ಟು ಕೂತರು. ಲೆಕ್ಕ ಹಾಳಾಗಿರಲಿಲ್ಲ. ಅದನ್ನು ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಬರೆದಿತ್ತು. ನುಡಿ ಮತ್ತೆ ಹಾಕಿದ ಕೂಡಲೇ ಕನ್ನಡ ಬಂತು. 11 ಕಂತೂ ಕಂಡವು. ಅವತ್ತೇ ವಹಿಯಲ್ಲಿ ಬರೆದು ಆ ತಾಯಿಯ ಕೈಗೆ ರಸೀದಿ ಕೊಟ್ಟೆವು.

ಈಗಿನ ಕಾಲದಲ್ಲಿ

ಈಗಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಪೆನ್ ಡ್ರೈವಿನಿಂದ ಹಾಕುತ್ತಾರೆ. ವಿಂಡೋಸ್ ಮಾಡುವ ಮೈಕ್ರೋಸಾಫ್ಟ್ ಕಂಪನಿ ತನ್ನ ಜಾಲತಾಣದಲ್ಲಿ ವಿಂಡೋಸ್ 11ರ ಫೈಲು ಇಟ್ಟಿದೆ. ಇಳಿಸಿಕೊಳ್ಳಲು ದುಡ್ಡಿಲ್ಲ. ಹಕ್ಕು ಮಾತ್ರ ನಿಮ್ಮದಿರಬೇಕು. ಚಾಲೂ ಇರುವ ಇನ್ನೊಂದು ಕಂಪ್ಯೂಟರ್, ಕಡಿಮೆ ಅಂದರೆ 8 ಜಿಬಿ ಪೆನ್ ಡ್ರೈವ್ ಬೇಕು. ಹುಷಾರು! ಇದನ್ನು ತಯಾರಿಸುವಾಗ ಆ ಪೆನ್ ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಲೆಕ್ಕ ಇಟ್ಟ ಪೆನ್ ಡ್ರೈವ್ ಇದಕ್ಕೆ ಕೊಡಬೇಡಿ. ಎರಡು ಬೇರೆ ಬೇರೆ ಇರಲಿ.

ಹಳೆ ವಿಂಡೋಸ್ ಮತ್ತೆ ಹಾಕಿಸುವ ಮೊದಲು ಇದನ್ನು ಓದಿ. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲ ಮುಗಿದ ಮೇಲೆ ವೈರಸ್ಸಿನಿಂದ ಕಾಪಾಡುವ ದುರಸ್ತಿ ಬರುವುದು ನಿಲ್ಲುತ್ತದೆ. ಅಂಥದ್ದರಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ. ವಿಂಡೋಸ್ 11 ಬಹಳ ಹಳೆ ಯಂತ್ರಕ್ಕೆ ಹೊಂದುವುದಿಲ್ಲ. ಅಲ್ಲಿ ಲಿನಕ್ಸ್ ಹಾಕಿಸಬಹುದು. ಅದಕ್ಕೆ ದುಡ್ಡಿಲ್ಲ, ಕೀ ಬೇಕಿಲ್ಲ. ಕನ್ನಡವನ್ನೂ ಬರೆಯಬಹುದು.

“ಕಡಿಮೆ ದುಡ್ಡಿಗೆ ಕಳ್ಳ ಸಿಡಿ ಹಾಕ್ತೀನಿ” ಅಂದರೆ ಬೇಡ ಅನ್ನಿ. ಅದು ಕಾನೂನಿಗೆ ವಿರುದ್ಧ. ಅದರೊಳಗೆ ವೈರಸ್ಸೂ ಇರಬಹುದು.

ರಿಪೇರಿಯವರಿಗೆ ಕೇಳಿ

1. ನನ್ನ ಫೈಲುಗಳನ್ನು ಹೊರಗೆ ತೆಗೆದಿರಾ? ಬೇರೆ ಕಂಪ್ಯೂಟರಿನಲ್ಲಿ ತೆರೆದು ತೋರಿಸಿ.
2. ಯಾವ ವಿಂಡೋಸ್ ಹಾಕುತ್ತೀರಿ? ಕೀ ನಮ್ಮದೇ ತಾನೇ?
3. ಯಾವ ಡ್ರೈವ್ ಫಾರ್ಮ್ಯಾಟ್ ಮಾಡುತ್ತೀರಿ?
4. ಕನ್ನಡ ಫಾಂಟು, ಪ್ರಿಂಟರ್ ಮತ್ತೆ ಹಾಕಿಕೊಡುತ್ತೀರಾ?
5. ಒಟ್ಟು ಖರ್ಚು ಎಷ್ಟು? ರಸೀದಿ ಕೊಡುತ್ತೀರಾ?

ಪದಗಳ ಅರ್ಥ

ಆಪರೇಟಿಂಗ್ ಸಿಸ್ಟಮ್ – ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಂ
ಹಾರ್ಡ್ ಡಿಸ್ಕ್ – ಫೈಲುಗಳನ್ನು ಕೂಡಿಡುವ ಭಾಗ
ಫಾಂಟು – ಅಕ್ಷರದ ಅಚ್ಚು
ವಹಿ – ಲೆಕ್ಕ ಬರೆಯುವ ಪುಸ್ತಕ

ಉತ್ತರ ಬರೆಯಿರಿ

1. ಸಿಡಿಯ ಯಾವ ಬದಿ ಹೆಚ್ಚು ನಾಜೂಕು? ಏಕೆ?
2. ಅಕ್ಕ “ಕೈ ಹಚ್ಚಬ್ಯಾಡ” ಅಂದದ್ದು ಏಕೆ?
3. ವಿಂಡೋಸ್ ಕೀಯಲ್ಲಿ ಅಕ್ಷರ ಮತ್ತು ಅಂಕಿ ಸೇರಿ ಎಷ್ಟು?

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಅಥವಾ ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಕೀ ಚೀಟಿ ಹುಡುಕಿ. ಅದನ್ನು ನೋಡಿ ವಹಿಯಲ್ಲಿ ಬರೆಯಿರಿ. ಗಟದ ಲೆಕ್ಕವನ್ನು ತಿಂಗಳಿಗೊಮ್ಮೆ ಪೆನ್ ಡ್ರೈವಿಗೆ ತೆಗೆಸಿ, ವಹಿಯಲ್ಲೂ ಬರೆದಿಡಿ.

ನೆನಪಿಡಿ: ಸಿಡಿ ಹೋದರೆ ಇನ್ನೊಂದು ಸಿಗುತ್ತದೆ. ಲೆಕ್ಕ ಹೋದರೆ ಸಿಗುವುದಿಲ್ಲ.