ಪೇಟೆಯ ಬೆಳವಣಿಗೆಯೂ ಕೆರೆಯ ಅಚ್ಚುಕಟ್ಟೂ

ಪೇಟೆಗಳು ಬೆಳೆಯುವುದು ನಾಡಿನ ಅಭ್ಯುದಯದ ಲಕ್ಷಣವೇ ಸರಿ. ಆದರೆ ಅವು ಯಾವ ನೆಲದ ಮೇಲೆ ಬೆಳೆಯುತ್ತಿರುವುವೆಂಬುದನ್ನು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮಮುಖಂಡರೂ ಭೂಮಾಲೀಕರೂ ಪರ್ಯಾಲೋಚಿಸುವುದು ಅವಶ್ಯಕ. ಇಲ್ಲಿಯ ಬತ್ತದ ವ್ಯವಸಾಯವು ಬಹುಮಟ್ಟಿಗೆ ಕೆರೆಗಳನ್ನೇ ನೆಚ್ಚಿಕೊಂಡಿದೆ.

ಹಿಂದಿನವರು ಕೆರೆಯನ್ನು ಊರಿನ ಅಂಗವೆಂದೇ ಎಣಿಸಿದ್ದರು. ಕಾಕುಸ್ಥವರ್ಮನು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು 5ನೆಯ ಶತಮಾನದ ತಾಳಗುಂದದ ಸ್ತಂಭಶಾಸನವು ಹೇಳುತ್ತದೆ. 11 ಮತ್ತು 12ನೆಯ ಶತಮಾನಗಳಲ್ಲಿ ಬನವಾಸಿನಾಡಿಗೆ ರಾಜಧಾನಿಯಾಗಿದ್ದ ಬಳ್ಳಿಗಾವೆಯಲ್ಲಿ ಪ್ರಖ್ಯಾತವಾಗಿದ್ದ ಕೋಡಿಯ ಮಠಕ್ಕೆ ಕೆರೆಯ ಕೋಡಿಯಿಂದಲೇ ಆ ಹೆಸರು ಬಂದಿತು.

ಬೆಂಗಳೂರಿನ ರೀತಿ ಇದಕ್ಕಿಂತ ಭಿನ್ನವಾದುದು. ಅಲ್ಲಿ ಧರ್ಮಾಂಬುಧಿ ಕೆರೆಯ ಸ್ಥಳದಲ್ಲಿ ಬಸ್ಸು ನಿಲ್ದಾಣವೂ ಸಂಪಂಗಿ ಕೆರೆಯ ಸ್ಥಳದಲ್ಲಿ ಕ್ರೀಡಾಂಗಣವೂ ಆದುವು. ನಗರಕ್ಕೆ ಬೇಕಾದ ನೀರನ್ನು ದೂರದ ಕಾವೇರಿಯಿಂದ ಯಂತ್ರಗಳ ಮೂಲಕ ಏರಿಸಿ ತರಬೇಕಾಯಿತು. ಬಳಸಿದ ನೀರನ್ನು ಎರಡನೆಯ ಹಂತದವರೆಗೆ ಶುದ್ಧಗೊಳಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕಾರ್ಯವು 2018ರಲ್ಲಿ ಆರಂಭವಾಯಿತು. ಇಂತಹ ವೆಚ್ಚವನ್ನು ಸಣ್ಣ ಪೇಟೆಗಳು ಹೊರಲಾರವು.

ಗದ್ದೆಯ ಬಯಲಿನಲ್ಲಿ ತೂಬಿನ ನೀರು ಸಾಮಾನ್ಯವಾಗಿ ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ಹರಿಯುತ್ತದೆ. ನಡುವೆ ಒಬ್ಬನು ಗದ್ದೆಗೆ ಮಣ್ಣು ತುಂಬಿಸಿ ನಿವೇಶನಗಳನ್ನು ಮಾಡಿದರೆ ಮೇಲಿನವನ ಗದ್ದೆ ಜೌಗಾಗುವುದು. ಕೆಳಗಿನವನ ಗದ್ದೆ ಒಣಗುವುದು. ಮನೆಗಳ ಬಚ್ಚಲು ನೀರು ಬಯಲಿಗೆ ಇಳಿಯುವುದು. ಮಾರಿದವನಿಗೆ ಹಣ ಒಮ್ಮೆ ದೊರೆಯುವುದು; ನೆರೆಯವರಿಗೆ ನಷ್ಟವು ವರ್ಷವರ್ಷವೂ ತಪ್ಪದು.

ಆದಕಾರಣ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಹೊಸ ಬಡಾವಣೆಗಳಿಗೆ ಅಚ್ಚುಕಟ್ಟಿನ ಹೊರಗಿನ ಎತ್ತರವಾದ ಖುಷ್ಕಿ ಜಮೀನನ್ನೇ ಆರಿಸುವುದು. ಆದರೆ ಅಲ್ಲಿಂದ ಕೆರೆಗೆ ಮಳೆನೀರು ತರುವ ಹಳ್ಳಗಳನ್ನು ಮುಚ್ಚಬಾರದು.

2. ವ್ಯವಸಾಯದ ಜಮೀನನ್ನು ಬೇರೆ ಉಪಯೋಗಕ್ಕೆ ತಿರುಗಿಸಲು 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಅಪ್ಪಣೆ ಅಗತ್ಯ. ಮಾರುವ ಮುನ್ನವೇ ಕಾಲುವೆಯ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿಡಬೇಕು.

3. ಪೇಟೆಯ ಹಸಿ ಕಸವನ್ನು ಗಾಜು, ಪ್ಲಾಸ್ಟಿಕ್ಕುಗಳಿಂದ ಬೇರ್ಪಡಿಸಿ ಕಾಂಪೋಸ್ಟು ಮಾಡಿಸಿ, ಚೆನ್ನಾಗಿ ಕಳಿತ ಮೇಲೆ ಹೊಲಗದ್ದೆಗಳಿಗೆ ಒದಗಿಸಬೇಕು.

ಶಿಕಾರಿಪುರದ ಹುಚ್ಚರಾಯನ ಕೆರೆಯೇ ಆಗಲಿ, ಸೊರಬದ ಬಳಿ ಹರಿಯುವ ದಂಡಾವತಿಯೇ ಆಗಲಿ, ಪೇಟೆಗೂ ಹಳ್ಳಿಗೂ ಸಮಾನವಾದ ಸ್ವತ್ತು. ಒಮ್ಮೆ ಮುಚ್ಚಿಹೋದ ಗದ್ದೆಯನ್ನು ಪುನಃ ಗದ್ದೆಯಾಗಿ ಮಾಡುವುದು ಬಹು ಪ್ರಯಾಸದ ಕೆಲಸ. ಮುಚ್ಚದಂತೆ ಕಾಪಾಡುವುದು ಊರಿನ ಹಿರಿಯರ ಕೈಯಲ್ಲಿದೆ.